ಮುಳ್ಳಿನ ಕುಸುಬೆಗೆ ಮತ್ತೆ ಬದುವಿನಲ್ಲಿ ಜಾಗ ಬೇಕು

ಹಳಿಯಾಳದಿಂದ ಧಾರವಾಡದ ಕಡೆಗೆ, ಮುಂಡಗೋಡದಿಂದ ಹುಬ್ಬಳ್ಳಿಯ ಕಡೆಗೆ ಹೊರಟರೆ ಕಾಡು ಹಿಂದೆ ಸರಿಯುತ್ತದೆ, ಕೆಂಪು ಮಣ್ಣು ಮೆಲ್ಲಗೆ ಕಪ್ಪಾಗುತ್ತದೆ. ಅಲ್ಲಿಂದ ಮುಂದೆ ನವಲಗುಂದ, ಅಣ್ಣಿಗೇರಿ, ಗದಗದವರೆಗೂ ಎರೆ ಭೂಮಿ. ಒಂದು ಕಾಲಕ್ಕೆ ಜನವರಿ ಬಂತೆಂದರೆ ಈ ಹೊಲಗಳಲ್ಲಿ ಬಿಳಿಜೋಳದ ಸುತ್ತ ಮುಳ್ಳುಗಿಡದ ಸಾಲೊಂದು ಹಳದಿ, ಕೇಸರಿ ಹೂ ಹೊತ್ತು ನಿಂತಿರುತ್ತಿತ್ತು. ಅದು ಕುಸುಬೆ, ನಮ್ಮ ಕಡೆಯ ಆಡುಮಾತಿನ ಕುಸುಬಿ. ಘಟ್ಟದ ಮೇಲಿನ ನಮ್ಮ ತಾಲ್ಲೂಕುಗಳಲ್ಲಿ ಜೋಳದ ರೊಟ್ಟಿ ಉಣ್ಣುವ ಮನೆಗಳಿಗೆ ಎಣ್ಣೆ ಬರುತ್ತಿದ್ದುದು ಈ ಬಯಲಿನ ಗಾಣಗಳಿಂದ. ಇವತ್ತು ಆ ಸಾಲನ್ನು ಹುಡುಕಿಕೊಂಡು ಹೋಗಬೇಕಾಗಿದೆ.

ಕುಸುಬೆ ಸೋತ ಬೆಳೆಯಲ್ಲ. ನೀರು ಕೇಳಲಿಲ್ಲ, ದನಕ್ಕೆ ಬಾಯಿ ಹಾಕಲು ಬಿಡಲಿಲ್ಲ, ಎಲೆಯಿಂದ ಹಿಂಡಿಯವರೆಗೆ ತನ್ನ ಯಾವ ಭಾಗವನ್ನೂ ದಂಡ ಮಾಡಲಿಲ್ಲ. ಅದನ್ನು ಕೈಬಿಟ್ಟವರು ನಾವು. ಏಕೆ ಬಿಟ್ಟೆವು, ಮತ್ತೆ ಹೇಗೆ ಕರೆತರಬಹುದು ಎಂಬುದು ತಿಳಿಯಬೇಕಾದರೆ ಮೊದಲು ಈ ಗಿಡದ ಸ್ವಭಾವವನ್ನು ಅರಿಯಬೇಕು.

ಎಲ್ಲಿಯ ಗಿಡ, ಎಲ್ಲಿಯ ಹಿಂಗಾರಿ

ಕುಸುಬೆಯ ತವರು ಮೆಡಿಟರೇನಿಯನ್ ಸಮುದ್ರದ ಪೂರ್ವದ ನಾಡುಗಳು. ಅಲ್ಲಿಯ ಒಣ ಬಯಲುಗಳಲ್ಲಿ ಇಂದಿಗೂ ತಾನಾಗಿ ಬೆಳೆಯುವ ಕಾರ್ಥಾಮಸ್ ಪ್ಯಾಲಸ್ಟೀನಸ್ ಎಂಬ ಮುಳ್ಳುಗಿಡವೇ ಇದರ ಪೂರ್ವಜ ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಸುಮಾರು 4000 ವರ್ಷಗಳ ಹಿಂದೆಯೇ ಅದನ್ನು ಮನುಷ್ಯ ಹೊಲಕ್ಕೆ ತಂದ. ಹೀಗೆ ಪಳಗಿದ ಗಿಡಕ್ಕೆ ವಿಜ್ಞಾನ ಕೊಟ್ಟ ಹೆಸರು ಕಾರ್ಥಾಮಸ್ ಟಿಂಕ್ಟೋರಿಯಸ್. ಈಜಿಪ್ಟಿನ ಮಮ್ಮಿಗಳಿಗೆ ತೊಡಿಸಿದ ಹೂಮಾಲೆಗಳಲ್ಲಿ ಕುಸುಬೆಯ ಎಸಳುಗಳು ಸಿಕ್ಕಿವೆ.

ಮೆಡಿಟರೇನಿಯನ್ ನಾಡುಗಳ ಋತುಮಾನ ನಮ್ಮದಕ್ಕೆ ತಿರುಗುಮುರುಗು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ಅಲ್ಲಿಯ ಏಕವಾರ್ಷಿಕ ಗಿಡಗಳು ಮಳೆ ಶುರುವಾದಾಗ ಮೊಳೆತು, ತಂಪಿನಲ್ಲಿ ಬೆಳೆದು, ಬಿಸಿಲು ಏರುವ ಹೊತ್ತಿಗೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತವೆ. ಬೇಸಿಗೆಯನ್ನು ಅವು ಕಳೆಯುವುದು ಬೀಜದ ರೂಪದಲ್ಲಿ.

ನಮ್ಮಲ್ಲಿ ಚಳಿಗಾಲದ ಮಳೆ ಇಲ್ಲ. ಆದರೆ ಎರೆ ಮಣ್ಣಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿದ್ದ ನೀರನ್ನು ಅದು ಆಳದವರೆಗೆ ಹಿಡಿದಿಟ್ಟುಕೊಂಡು, ಚಳಿಗಾಲದುದ್ದಕ್ಕೂ ಬೇರಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಅಲ್ಲಿ ಆಕಾಶ ಮಾಡುವ ಕೆಲಸವನ್ನು ಇಲ್ಲಿ ನೆಲ ಮಾಡುತ್ತದೆ. ಹಾಗಾಗಿಯೇ ಆ ದಿಕ್ಕಿನಿಂದ ಬಂದ ಬೆಳೆಗಳೆಲ್ಲ ನಮ್ಮ ಹಿಂಗಾರಿಗೆ ಹೊಂದಿಕೊಂಡವು. ಕಡಲೆ, ಗೋಧಿ, ಅಗಸೆ, ಕೊತ್ತಂಬರಿ, ಕುಸುಬೆ ಎಲ್ಲವೂ ಒಂದೇ ವೇಳಾಪಟ್ಟಿಯ ಗಿಡಗಳು. ಆಫ್ರಿಕಾದಿಂದ ಬಂದ ಜೋಳ ಇವುಗಳ ಜೊತೆಗೂಡಿ ಉತ್ತರ ಕರ್ನಾಟಕದ ಹಿಂಗಾರಿ ಹೊಲವಾಯಿತು. ಕಡಲೆ, ಜೋಳ, ಕುಸುಬೆ ಒಂದೇ ಹೊಲದಲ್ಲಿ ಬಿದ್ದು ಒಂದೇ ತಟ್ಟೆಗೆ ಬಂದದ್ದರ ಹಿಂದೆ ಮಣ್ಣಿನ ಈ ಲೆಕ್ಕವಿದೆ.

ಮುಳ್ಳು, ಹೂ, ತೆನೆ

ಕುಸುಬೆ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ಬಿತ್ತಿದ ಮೇಲೆ ಮೊದಲ ಮೂರು ನಾಲ್ಕು ವಾರ ಇದು ಬೆಳೆದಂತೆಯೇ ಕಾಣುವುದಿಲ್ಲ. ನೆಲಕ್ಕೆ ಅಂಟಿಕೊಂಡು ಎಲೆಗಳ ಚಕ್ರವೊಂದನ್ನು ಹರಡಿ ಕೂತಿರುತ್ತದೆ. ಹೊಸಬರು ಬೆಳೆ ಕೆಟ್ಟಿತೆಂದು ಅಂಜುವುದು ಆಗಲೇ. ಆದರೆ ಆ ವಾರಗಳಲ್ಲಿ ಗಿಡದ ಕೆಲಸ ನೆಲದೊಳಗೆ ನಡೆದಿರುತ್ತದೆ. ತಾಯಿಬೇರು ನೇರವಾಗಿ ಕೆಳಗಿಳಿಯುತ್ತದೆ, ಒಳ್ಳೆಯ ಎರೆ ಮಣ್ಣಿನಲ್ಲಿ ಎರಡು ಮೀಟರ್‌ಗೂ ಆಳಕ್ಕೆ ಹೋಗುತ್ತದೆ. ಜೋಳದ ಬೇರು ಮುಟ್ಟದ ತೇವವನ್ನು ಕುಸುಬೆ ಮುಟ್ಟುತ್ತದೆ. ಬಿತ್ತಿದ ಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಬೆಳೆ ಬಂತು ಎಂದು ಹಿರಿಯ ರೈತರು ಹೇಳುವುದರ ಗುಟ್ಟು ಈ ಬೇರಿನಲ್ಲಿದೆ.

ಬೇರು ನೆಲೆ ಕಂಡ ಮೇಲೆ ಕಾಂಡ ಏಳುತ್ತದೆ, ಕವಲೊಡೆಯುತ್ತದೆ, ಸೊಂಟದೆತ್ತರಕ್ಕೆ ಬರುತ್ತದೆ. ಆಗ ಎಲೆಯಂಚಿನಲ್ಲಿ ಮುಳ್ಳು ಗಟ್ಟಿಯಾಗುತ್ತದೆ. ಪ್ರತಿ ಕವಲಿನ ತುದಿಯಲ್ಲೂ ಒಂದು ತೆನೆ. ನಾವು ಒಂದು ಹೂ ಎಂದು ನೋಡುವುದು ನಿಜಕ್ಕೂ ಹತ್ತಾರು ಪುಟ್ಟ ಹೂಗಳ ಗೊಂಚಲು. ಒಂದೊಂದು ಪುಟ್ಟ ಹೂ ಒಂದೊಂದು ಕಾಳು ಕಟ್ಟುತ್ತದೆ. ಹೂ ಅರಳುವಾಗ ಹಳದಿ ಅಥವಾ ಕೇಸರಿ, ಬಾಡುತ್ತ ಹೋದಂತೆ ಕೆಂಪು.

ಹೂ ಒಣಗಿದ ಮೇಲೂ ತೆನೆಯ ಬಾಯಿ ತೆರೆಯುವುದಿಲ್ಲ. ಮುಳ್ಳಿನ ಎಲೆಗಳ ಕವಚ ಕಾಳನ್ನು ಒಳಗೆ ಬಿಗಿಯಾಗಿ ಹಿಡಿದಿರುತ್ತದೆ. ಬೆಳೆ ಪೂರ್ತಿ ಒಣಗಿ ನಿಂತರೂ ಕಾಳು ಉದುರುವುದು ಬಹಳ ಕಡಿಮೆ. ಸೂರ್ಯಕಾಂತಿಯ ತೆನೆಗೆ ಗಿಳಿ ಹಿಂಡು ಬಿದ್ದರೆ ರೈತನಿಗೆ ಉಳಿಯುವುದು ಬರೀ ಬಟ್ಟಲು. ಕುಸುಬೆಯ ತೆನೆಗೆ ಗಿಳಿ ಅಷ್ಟು ಸುಲಭವಾಗಿ ಕೊಕ್ಕು ಹಾಕಲಾರದು. ದನಕರುಗಳೂ ದೂರ ನಿಲ್ಲುತ್ತವೆ. ಜೋಳ, ಕಡಲೆಯ ಹೊಲಕ್ಕೆ ಸುತ್ತಲೂ ಕುಸುಬೆಯ ಅಕ್ಕಡಿ ಹಾಕುವ ಪದ್ಧತಿ ಹುಟ್ಟಿದ್ದು ಹೀಗೆ. ಬೇಲಿಯೂ ಆಯಿತು, ಎಣ್ಣೆಯೂ ಆಯಿತು.

ಪರಾಗಸ್ಪರ್ಶಕ್ಕೆ ಕುಸುಬೆ ಬಹುಪಾಲು ತನ್ನನ್ನೇ ನೆಚ್ಚಿಕೊಂಡಿದೆ. ಆದರೂ ಜೇನ್ನೊಣಗಳಿಗೆ ಇದರ ಮಕರಂದ, ಪರಾಗ ಎರಡೂ ಇಷ್ಟ. ಹೊಲದಲ್ಲಿ ಬೇರೆ ಹೂ ಕಡಿಮೆಯಾಗುವ ಜನವರಿ, ಫೆಬ್ರವರಿಯಲ್ಲಿ ಅರಳುವ ಈ ಬೆಳೆ ಜೇನು ಸಾಕುವವರಿಗೂ ಬೇಕಾದದ್ದು.

ಬಣ್ಣದ ಕಾಲ

ಇವತ್ತು ಕುಸುಬೆ ಎಂದರೆ ಎಣ್ಣೆ. ಬಹುಕಾಲ ಅದನ್ನು ಬೆಳೆದದ್ದು ಮಾತ್ರ ಬಣ್ಣಕ್ಕಾಗಿ. ಸಂಸ್ಕೃತ ಕಾವ್ಯಗಳಲ್ಲಿ ಕುಸುಂಭ ಎಂದರೆ ಕೆಂಪು ಬಟ್ಟೆಯ ಬಣ್ಣ. ಕಾಳಿದಾಸನ ‘ಋತುಸಂಹಾರ’ದ ವಸಂತವರ್ಣನೆಯಲ್ಲಿ ಹೆಂಗಸರು ಉಡುವ ರೇಷ್ಮೆಗೆ ಬಂದ ಕೆಂಪು ಇದೇ ಹೂವಿನದು.

ಒಂದೇ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕಾರ್ಥಾಮಿನ್ ಎಂಬ ಕೆಂಪು ಕರಗುವುದಿಲ್ಲ. ಬಣ್ಣಗಾರರು ಎಸಳನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು ಹಳದಿಯನ್ನು ಹೊರಹಾಕುತ್ತಿದ್ದರು. ಉಳಿದ ಎಸಳನ್ನು ಕ್ಷಾರದ ನೀರಿನಲ್ಲಿ ನೆನೆಸಿದರೆ ಕೆಂಪು ಬಿಟ್ಟುಕೊಳ್ಳುತ್ತದೆ. ಅದಕ್ಕೆ ಹುಳಿ ಬೆರೆಸಿದಾಗ ಬಣ್ಣ ನೂಲಿಗೆ ಹಿಡಿಯುತ್ತದೆ. ಎಸಳಿನ ತೂಕದಲ್ಲಿ ಕೆಂಪಿನ ಪಾಲು ಶೇ 1ನ್ನೂ ಮುಟ್ಟುವುದಿಲ್ಲ. ಒಂದು ಸೀರೆಗೆ ಎಷ್ಟು ಹೂ, ಎಷ್ಟು ಬೆರಳುಗಳ ಕೆಲಸ ಬೇಕಿತ್ತು ಎಂಬುದನ್ನು ಇದರಿಂದ ಊಹಿಸಬಹುದು. ಜಪಾನಿನ ಯಾಮಾಗಾಟ ಪ್ರಾಂತ್ಯ ಇಂದಿಗೂ ಇದೇ ಹೂವಿನಿಂದ ತುಟಿಯ ಬಣ್ಣ, ಕಿಮೋನೋದ ಕೆಂಪು ತೆಗೆಯುವ ಕಲೆಯನ್ನು ಉಳಿಸಿಕೊಂಡಿದೆ.

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದ. ಆಮೇಲಿನ ಕೆಲವೇ ದಶಕಗಳಲ್ಲಿ ಹೂವಿನ ಬಣ್ಣದ ವ್ಯಾಪಾರ ಮುಳುಗಿತು. ಬಿಸಿಲಿಗೆ ಬೇಗ ಮಾಸುವ, ದುಬಾರಿಯಾದ ಕುಸುಬೆಯ ಕೆಂಪು ಆ ಪೈಪೋಟಿಯಲ್ಲಿ ನಿಲ್ಲಲಿಲ್ಲ. ಬೆಳೆ ಉಳಿದದ್ದು ಬೀಜದಿಂದ.

ಎಸಳಿಗೆ ಇನ್ನೊಂದು ಕೆಟ್ಟ ಬಳಕೆಯೂ ಅಂಟಿಕೊಂಡಿದೆ. ಕೇಸರಿಯ ಹೆಸರಿನಲ್ಲಿ ಕುಸುಬೆಯ ಎಸಳು ಮಾರುವವರು ಇದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಕೇಸರಿಯ ಎಳೆ ಒಂದು ತುದಿಯಲ್ಲಿ ಕಹಳೆಯಂತೆ ಅಗಲವಾಗಿರುತ್ತದೆ. ಕುಸುಬೆಯದು ಸಣ್ಣ ಕೊಳವೆ, ತುದಿಯಲ್ಲಿ ಐದು ಸೀಳು. ನೀರಿನಲ್ಲಿ ನೆನೆಸಿ ಬಿಳಿ ತಟ್ಟೆಯ ಮೇಲೆ ಹರಡಿ ನೋಡಿದರೆ ಸಾಕು.

ಗಾಣದಿಂದ ಅಡುಗೆಮನೆಗೆ

ಕುಸುಬೆಯ ಕಾಳು ಬಿಳಿ, ನುಣುಪು. ಸಿಪ್ಪೆ ಗಟ್ಟಿ, ತೂಕದ ಅರ್ಧದಷ್ಟು ಸಿಪ್ಪೆಯೇ ಇರಬಹುದು. ಹಳೆಯ ತಳಿಗಳಲ್ಲಿ ಎಣ್ಣೆಯ ಅಂಶ ಶೇ 28–30, ಹೊಸ ತಳಿಗಳಲ್ಲಿ ಶೇ 34ರ ಸುಮಾರಿಗೆ ಏರಿದೆ. ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲೆಯಿಕ್ ಆಮ್ಲ. ಇದು ದೇಹ ತಾನೇ ತಯಾರಿಸಲಾರದ, ಆಹಾರದಿಂದಲೇ ಪಡೆಯಬೇಕಾದ ಕೊಬ್ಬಿನಾಮ್ಲ. ಇ ಜೀವಸತ್ವವೂ ಚೆನ್ನಾಗಿದೆ.

ಈ ಗುಣಕ್ಕೆ ಒಂದು ಮಿತಿಯೂ ಇದೆ. ಲಿನೋಲೆಯಿಕ್ ಆಮ್ಲ ಹೆಚ್ಚಿರುವ ಎಣ್ಣೆ ಬೇಗ ಗಾಳಿಯೊಂದಿಗೆ ಬೆರೆತು ಕೆಡುತ್ತದೆ. ಕಾಯಿಸಿದ್ದನ್ನೇ ಮತ್ತೆ ಮತ್ತೆ ಕಾಯಿಸಿ ಕರಿಯಲು ಇದು ತಕ್ಕುದಲ್ಲ. ಒಗ್ಗರಣೆಗೆ, ಪಲ್ಯಕ್ಕೆ, ಚಟ್ನಿಪುಡಿಯ ಮೇಲೆ ಹಸಿಯಾಗಿ ಹಾಕಿಕೊಳ್ಳಲು ತಕ್ಕುದು. ನಮ್ಮ ಹಿರಿಯರು ಬಳಸಿದ್ದೂ ಹೀಗೇ. ಬಿಸಿ ರೊಟ್ಟಿ, ಶೇಂಗಾ ಅಥವಾ ಗುರೆಳ್ಳಿನ ಚಟ್ನಿಪುಡಿ, ಅದರ ಮೇಲೆ ಒಂದು ಚಮಚ ಕುಸುಬಿ ಎಣ್ಣೆ. ಗಾಣದ ಎಣ್ಣೆಯನ್ನು ಸ್ವಲ್ಪಸ್ವಲ್ಪ ತಂದು, ಬೆಳಕು ಬೀಳದ ಡಬ್ಬಿಯಲ್ಲಿಟ್ಟು ಬೇಗ ಮುಗಿಸುವುದು ಸರಿಯಾದ ಕ್ರಮ.

ಕರಿಯಲು ತಾಳುವ ಕುಸುಬೆ ಎಣ್ಣೆಯ ಮೂಲವೂ ಭಾರತದ ಬೀಜ. ಲಿನೋಲೆಯಿಕ್‌ನಷ್ಟು ಬೇಗ ಕೆಡದ ಒಲೆಯಿಕ್ ಆಮ್ಲ ಹೆಚ್ಚಿದ್ದ ಗಿಡಗಳು ಇಲ್ಲಿಂದ ಹೋದ ಬೀಜದಲ್ಲಿ ಸಿಕ್ಕಿದವು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪಾಲ್ಡನ್ ನೋಲ್ಸ್ ಅವುಗಳ ಆನುವಂಶಿಕತೆಯನ್ನು ಬಿಡಿಸಿಟ್ಟರು. 1966ರಲ್ಲಿ ಯುಸಿ–1 ಎಂಬ ತಳಿ ಹೊರಬಂತು. ಹೊರದೇಶಗಳಲ್ಲಿ ‘ಹೈ ಒಲೆಯಿಕ್’ ಎಂದು ಹೆಚ್ಚಿನ ಬೆಲೆಗೆ ಮಾರಾಟವಾಗುವ ಕುಸುಬೆ ಎಣ್ಣೆಯ ಬೇರು ನಮ್ಮ ಹೊಲಗಳಲ್ಲಿದೆ.

ಎಣ್ಣೆಯ ಆಚೆಗೂ ಕುಸುಬೆ ನಮ್ಮ ಊಟದಲ್ಲಿದೆ. ಮುಳ್ಳು ಬಲಿಯುವ ಮೊದಲು ಕುಡಿ ಚಿವುಟಿದರೆ ಗಿಡ ಹೆಚ್ಚು ಕವಲೊಡೆಯುತ್ತದೆ, ತೆನೆ ಹೆಚ್ಚುತ್ತದೆ. ಚಿವುಟಿದ ಎಳೆ ಸೊಪ್ಪು ಬೇಳೆಯ ಜೊತೆ ಪಲ್ಯವಾಗುತ್ತದೆ, ರೊಟ್ಟಿಯ ಜೊತೆ ಹಸಿಯಾಗಿಯೂ ಹೋಗುತ್ತದೆ. ಕಾಳನ್ನು ನೆನೆಸಿ ರುಬ್ಬಿ ಸೋಸಿದರೆ ಬಿಳಿಯ ಹಾಲು ಬರುತ್ತದೆ. ಕುಟ್ಟಿದ ಗೋಧಿ, ಬೆಲ್ಲ, ಈ ಹಾಲು ಸೇರಿದರೆ ಕುಸುಬಿ ಹುಗ್ಗಿ. ಆಕಳ ಹಾಲು ಒಗ್ಗದವರಿಗೆ ಸಸ್ಯಜನ್ಯ ಹಾಲು ಎಂದು ಪೇಟೆ ಇವತ್ತು ಪೊಟ್ಟಣದಲ್ಲಿ ಮಾರುವುದನ್ನು ನಮ್ಮ ಅಜ್ಜಿಯರು ಒರಳಿನಲ್ಲಿ ತೆಗೆಯುತ್ತಿದ್ದರು. ಎಣ್ಣೆ ತೆಗೆದು ಉಳಿದ ಹಿಂಡಿ ದನಕ್ಕೆ.

ಒಣಗಿದ ಎಸಳಿನ ಚಹಾ ಈಗ ಪೇಟೆಗೆ ಬಂದಿದೆ. ಚೀನೀ ವೈದ್ಯದಲ್ಲಿ ಇದು ಹಳೆಯ ಔಷಧಿ. ಆದರೆ ಗರ್ಭಿಣಿಯರು ಮತ್ತು ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಇದನ್ನು ಕುಡಿಯಬಾರದು. ಊಟದ ಎಣ್ಣೆಯನ್ನು ಸರ್ವರೋಗಕ್ಕೂ ಮದ್ದು ಎಂದು ಹೊಗಳುವುದೂ ಬೇಡ. ಒಳ್ಳೆಯ ಎಣ್ಣೆ ಎಂಬ ಮಾತೇ ಅದಕ್ಕೆ ಸಾಕಷ್ಟು ಗೌರವ.

ಯಾಕೆ ಬಿಟ್ಟೆವು

ಕರ್ನಾಟಕ ಮತ್ತು ಮಹಾರಾಷ್ಟ್ರ ದೇಶದ ಕುಸುಬೆಯ ಎರಡು ಕಂಬಗಳು. ಕಲಬುರಗಿ, ಬೀದರ್, ವಿಜಯಪುರ, ಬಾಗಲಕೋಟೆ, ರಾಯಚೂರು, ಗದಗ, ಧಾರವಾಡ, ಬೆಳಗಾವಿಯ ಎರೆ ಹೊಲಗಳು ಇದರ ನೆಲೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಣ್ಣಿಗೇರಿ ಸಂಶೋಧನಾ ಕೇಂದ್ರದಿಂದ ಬಂದ ಎ–1 ತಳಿ ದಶಕಗಟ್ಟಲೆ ಈ ಹೊಲಗಳನ್ನು ಆಳಿತು. ಹೀಗಿದ್ದೂ 1990ರ ಸುಮಾರಿಗೆ ದೇಶದಲ್ಲಿ 7 ಲಕ್ಷ ಹೆಕ್ಟೇರ್‌ನಷ್ಟಿದ್ದ ಕುಸುಬೆ ಇತ್ತೀಚಿನ ವರ್ಷಗಳಲ್ಲಿ 1 ಲಕ್ಷ ಹೆಕ್ಟೇರ್‌ಗಿಂತ ಕೆಳಗೆ ಇಳಿದಿದೆ.

ಮೊದಲ ಕಾರಣ ಮುಳ್ಳು. ದನವನ್ನು ತಡೆದ ಮುಳ್ಳೇ ಕೂಲಿಯವರನ್ನೂ ತಡೆಯಿತು. ಕೈಗೆ, ಕಾಲಿಗೆ ಬಟ್ಟೆ ಸುತ್ತಿಕೊಂಡು, ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಕೊಯ್ಯಬೇಕು. ಬಿಸಿಲೇರಿದರೆ ಹೊಲಕ್ಕೆ ಕಾಲಿಡಲಾಗದು. ಹಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕತೊಡಗಿದ ಮೇಲೆ ಈ ನೋವಿನ ಕೆಲಸಕ್ಕೆ ಜನ ಬರಲಿಲ್ಲ. ಅವರು ಬರದಿದ್ದುದು ತಪ್ಪಲ್ಲ.

ಎರಡನೆಯದು ಪೈಪೋಟಿ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಸೂರ್ಯಕಾಂತಿಗೆ ಮುಳ್ಳಿಲ್ಲ, ಅವಧಿ ಕಡಿಮೆ, ಯಾವ ಹಂಗಾಮಿನಲ್ಲಾದರೂ ಬರುತ್ತದೆ. ಉತ್ತರ ಕರ್ನಾಟಕದ ಎಣ್ಣೆಕಾಳಿನ ಹೊಲಗಳನ್ನು ಅದು ಬೇಗ ಹಿಡಿಯಿತು. ಇತ್ತ ಹಿಂಗಾರಿಯ ಜಾಗವನ್ನು ಒಳ್ಳೆಯ ಬೆಲೆ, ಕಡಿಮೆ ಅವಧಿಯ ಕಡಲೆ ತುಂಬಿತು.

ಮೂರನೆಯದು ಹೊರಗಿನ ಎಣ್ಣೆ. 1986ರಲ್ಲಿ ಶುರುವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಕೆಲವು ವರ್ಷ ದೇಶವನ್ನು ಸ್ವಾವಲಂಬನೆಯ ಹತ್ತಿರ ತಂದಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಇವತ್ತು ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಟನ್. ಅಗ್ಗದ ಎಣ್ಣೆ ಅಂಗಡಿ ತುಂಬಿದಾಗ ಊರಿನ ಗಾಣಗಳು ನಿಂತವು. ಗಾಣ ನಿಂತಾಗ ಎರಡು ಚೀಲ ಕುಸುಬೆ ಬೆಳೆಯುವ ಸಣ್ಣ ರೈತನಿಗೆ ಅದನ್ನು ಒಯ್ಯಲು ಜಾಗವೇ ಇಲ್ಲವಾಯಿತು. ಅಕ್ಕಡಿ ಸಾಲು ಮಾಯವಾದದ್ದರ ಹಿಂದೆ ಈ ನಿಂತ ಗಾಣಗಳಿವೆ ಎಂದೇ ನನ್ನ ನಂಬಿಕೆ.

ಈ ಅಡ್ಡಿಗಳಲ್ಲಿ ಕೆಲವು ಈಗ ಸಡಿಲವಾಗಿವೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ನಾರಿ–6 ಎಂಬ ಮುಳ್ಳಿಲ್ಲದ ತಳಿ ಕೊಟ್ಟಿದೆ. ಅದರ ಎಸಳನ್ನು ಬರಿಗೈಯಲ್ಲಿ ಬಿಡಿಸಬಹುದು. ಹೈದರಾಬಾದಿನ ಭಾರತೀಯ ಎಣ್ಣೆಕಾಳು ಸಂಶೋಧನಾ ಸಂಸ್ಥೆ ಎಣ್ಣೆ ಹೆಚ್ಚಿರುವ ತಳಿಗಳನ್ನು ಹೊರತಂದಿದೆ. ಗೋಧಿ ಕೊಯ್ಯುವ ಕಂಬೈನ್ ಯಂತ್ರ ಕುಸುಬೆಯನ್ನೂ ಕೊಯ್ದು ಒಕ್ಕುತ್ತದೆ; ಕಾಳು ಉದುರದ ತೆನೆಯ ಗುಣ ಇಲ್ಲಿ ನೆರವಿಗೆ ಬರುತ್ತದೆ. ಕೇಂದ್ರ ಸರ್ಕಾರ 2025–26ರ ಹಿಂಗಾರು ಮಾರುಕಟ್ಟೆ ಹಂಗಾಮಿಗೆ ಕ್ವಿಂಟಲ್‌ಗೆ 5,940 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಬೆಲೆ ಘೋಷಿಸುವುದು ಒಂದು, ಹತ್ತಿರದ ಕೇಂದ್ರದಲ್ಲಿ ಖರೀದಿಸುವುದು ಇನ್ನೊಂದು. ಎರಡನೆಯದು ನಡೆಯದೆ ಮೊದಲನೆಯದಕ್ಕೆ ಅರ್ಥ ಬರದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಕ್ಷೆಯಲ್ಲಿ ಹತ್ತಿರ ಹತ್ತಿರ. ಮಳೆಯಲ್ಲಿ ಮಾತ್ರ ಬಹಳ ದೂರ. ಜೋಯಿಡಾದ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು. ಪೂರ್ವಕ್ಕೆ ಬರುತ್ತ ಹಳಿಯಾಳ, ಮುಂಡಗೋಡದ ಅಂಚಿಗೆ ಮಳೆ ಎಷ್ಟೋ ಪಟ್ಟು ಇಳಿಯುತ್ತದೆ. ಹಾಗಾಗಿ ನಾಲ್ಕೂ ತಾಲ್ಲೂಕಿಗೆ ಒಂದೇ ಸಲಹೆ ಸಲ್ಲದು.

ಕುಸುಬೆಗೆ ನಿಂತ ನೀರು ಆಗದು. ಬೇರು ಕೊಳೆಯುತ್ತದೆ, ಸೊರಗು ರೋಗ ತಗಲುತ್ತದೆ. ಹೂ ಬಿಡುವ ಹೊತ್ತಿಗೆ ತೇವದ ಗಾಳಿ ಇದ್ದರೆ ಎಲೆಚುಕ್ಕೆ ರೋಗ ಎಲೆಯನ್ನೆಲ್ಲ ಸುಡುತ್ತದೆ. ಜೋಯಿಡಾದ ಕಾಡಂಚಿನ ಹೊಲಗಳು ಮತ್ತು ದಾಂಡೇಲಿಯ ಕಾಳಿ ದಂಡೆಯ ತೇವದ ನೆಲ ಇದಕ್ಕೆ ಒಗ್ಗುವುದಿಲ್ಲ. ಜೋಯಿಡಾದ ಕುಣಬಿ ರೈತರು ತಮ್ಮ ನೆಲಕ್ಕೆ ಹೊಂದುವ ಗೆಡ್ಡೆಗೆಣಸುಗಳನ್ನು ಉಳಿಸಿಕೊಂಡು ನಾಡಿಗೇ ಮಾದರಿಯಾಗಿದ್ದಾರೆ. ಅವರಿಗೆ ಕುಸುಬೆ ಬೆಳೆಯಿರಿ ಎನ್ನುವುದು ಅವಿವೇಕ.

ಹಳಿಯಾಳ ಮತ್ತು ಮುಂಡಗೋಡದ ಪೂರ್ವದ ಅಂಚಿನ ಮಾತು ಬೇರೆ. ಅಲ್ಲಿ ಭತ್ತ, ಗೋವಿನಜೋಳ, ಹತ್ತಿ, ಕಬ್ಬಿನ ನಡುವೆ ಮಣ್ಣು ಭಾರವಾಗಿರುವ, ನೀರು ಬಸಿದುಹೋಗುವ ತುಂಡುಗಳಿವೆ. ಮುಂಗಾರಿನ ಬೆಳೆ ಬೇಗ ತೆಗೆದ ಅಂಥ ಹೊಲದಲ್ಲಿ ಅಕ್ಟೋಬರ್ ಮಧ್ಯದೊಳಗೆ ಬಿತ್ತಲು ಸಾಧ್ಯವಾದರೆ ಮಾತ್ರ ಕುಸುಬೆಯನ್ನು ಪರೀಕ್ಷಿಸಿ ನೋಡಬಹುದು. ತಡವಾದರೆ ಸಸ್ಯಹೇನಿನ ಕಾಟ ಹೆಚ್ಚುತ್ತದೆ, ಎಳೆಯ ಬೆಳೆಯನ್ನು ಅದು ಹೀರಿ ಮುಗಿಸುತ್ತದೆ. ಎಕರೆಗೆ 3–4 ಕಿಲೋ ಬೀಜ ಸಾಕು. ಸಾಲಿನಿಂದ ಸಾಲಿಗೆ ಒಂದೂವರೆಯಿಂದ ಎರಡು ಅಡಿ. ಮೂರನೆಯ ವಾರದಲ್ಲಿ ಗಿಡ ತೆಳುಗೊಳಿಸಬೇಕು. ಎಲೆಚಕ್ರದ ಹಂತದಲ್ಲಿ ಕಳೆ ಏಳದಂತೆ ಎಡೆ ಹೊಡೆಯಬೇಕು. ಸುಮಾರು ನಾಲ್ಕೂವರೆ ತಿಂಗಳಿಗೆ ಕಾಳು ಕೈಗೆ ಬರುತ್ತದೆ. ಮಳೆಯಾಶ್ರಯದಲ್ಲಿ ಎಕರೆಗೆ 3–4 ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ. ಮೊದಲ ವರ್ಷವೇ ಎಕರೆಗಟ್ಟಲೆ ಹಾಕುವುದು ಬೇಡ. ಒಂದು ಬದಿಯಲ್ಲಿ ನಾಲ್ಕು ಸಾಲು ಹಾಕಿ ನೋಡಿ.

ಆ ನಾಲ್ಕು ಸಾಲಿಗೆ ನಮ್ಮಲ್ಲಿ ಇನ್ನೊಂದು ಉಪಯೋಗವೂ ಉಂಟು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ರೈತರಿಗೆ ಕಾಡುಹಂದಿಯ ಕಾಟ ಗೊತ್ತೇ ಇದೆ. ಶೇಂಗಾ ಹೊಲದ ಸುತ್ತ ಮೂರು ನಾಲ್ಕು ಸಾಲು ಮುಳ್ಳಿನ ಕುಸುಬೆ ಒತ್ತಾಗಿ ಹಾಕಿದರೆ ಹಂದಿ ಒಳನುಗ್ಗುವುದು ಕಡಿಮೆಯಾಗುತ್ತದೆ ಎಂದು ಹೈದರಾಬಾದಿನ ಕೃಷಿ ವಿಜ್ಞಾನಿಗಳು ಶಿಫಾರಸು ಮಾಡಿದ್ದಾರೆ. ಮುಳ್ಳು ಚುಚ್ಚುತ್ತದೆ, ಗಿಡದ ಘಾಟು ಬೆಳೆಯ ವಾಸನೆಯನ್ನು ಮರೆಸುತ್ತದೆ. ಚಳಿಗಾಲದ ಬೆಳೆಗಷ್ಟೇ ಈ ಬೇಲಿ ಸಲ್ಲುತ್ತದೆ. ಆನೆಯ ಹಿಂಡಿಗೆ ಇದು ತಡೆಯೇ ಅಲ್ಲ. ಹಂದಿಗೆ ಉರುಳು, ವಿದ್ಯುತ್ ತಂತಿ ಹಾಕಿ ಮನುಷ್ಯರೂ ಪ್ರಾಣಿಗಳೂ ಸಾಯುವುದಕ್ಕಿಂತ ಎಣ್ಣೆ ಕೊಡುವ ಮುಳ್ಳಿನ ಸಾಲು ಎಷ್ಟೋ ಮೇಲು.

ಹೂವಿಗೂ ಬೇಡಿಕೆ ಹುಟ್ಟಿಸಬಹುದು. ಯುರೋಪಿನ ಹೂವಿನಂಗಡಿಗಳಲ್ಲಿ ಮುಳ್ಳಿಲ್ಲದ ಕುಸುಬೆಯ ಟಿಸಿಲುಗಳು ಹಸಿಯಾಗಿಯೂ ಒಣಗಿಸಿಯೂ ಮಾರಾಟವಾಗುತ್ತವೆ. ಒಣಗಿದರೂ ತೆನೆಯ ಆಕಾರ ಕೆಡುವುದಿಲ್ಲ, ಬಣ್ಣವೂ ಬಹುದಿನ ಉಳಿಯುತ್ತದೆ. ದಾಂಡೇಲಿ, ಗಣೇಶಗುಡಿಯ ಸುತ್ತ ಇಷ್ಟೊಂದು ರೆಸಾರ್ಟು, ಹೋಮ್‌ಸ್ಟೇಗಳಿವೆ. ಅವುಗಳ ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹೂವಿನ ಬದಲು ಹಳಿಯಾಳದ ಹೊಲದ ಒಣ ಕುಸುಬೆ, ತಟ್ಟೆಯಲ್ಲಿ ರೊಟ್ಟಿ ಮತ್ತು ಕುಸುಬಿ ಎಣ್ಣೆ ಇರಲಿ. ಮಹಿಳಾ ಸ್ವಸಹಾಯ ಸಂಘಗಳು ಹೂ ಒಣಗಿಸುವ ಕೆಲಸವನ್ನು ದೊಡ್ಡ ಬಂಡವಾಳವಿಲ್ಲದೆ ಶುರುಮಾಡಬಹುದು. ಪ್ರವಾಸಿಗೆ ಊರಿನ ರುಚಿ ಸಿಗುತ್ತದೆ, ಹೊಲದವರ ಕೈಗೆ ಹಣ ಬರುತ್ತದೆ.

ಗಾಣ ತಿರುಗಿದರೆ ಹೊಲ ತಿರುಗುತ್ತದೆ

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ಗಂಟು ಗಾಣದಲ್ಲಿದೆ. ಬೆಳೆದ ಕಾಳನ್ನು ಒಯ್ಯಲು ಹತ್ತಿರದಲ್ಲಿ ಗಾಣವಿಲ್ಲದಿದ್ದರೆ ರೈತ ಬಿತ್ತುವುದಿಲ್ಲ, ಕಾಳು ಬರದಿದ್ದರೆ ಗಾಣ ನಡೆಯುವುದಿಲ್ಲ. ಈ ಸುತ್ತನ್ನು ಕೊಳ್ಳುವವರು ಮುರಿಯಬಹುದು. ನಾವು ಅಂಗಡಿಯಲ್ಲಿ ಎಣ್ಣೆಯ ಪೊಟ್ಟಣ ಎತ್ತಿಕೊಳ್ಳುವಾಗ ಹಿಂಬದಿಯ ಅಕ್ಷರ ಓದೋಣ. ಎಷ್ಟು ಪಾಲು ತಾಳೆ ಎಣ್ಣೆ, ಎಷ್ಟು ಬೆರಕೆ ಎಂದು ನೋಡೋಣ. ಗಾಣದ ಕುಸುಬೆ ಎಣ್ಣೆ ದುಬಾರಿ, ನಿಜ. ಎಲ್ಲ ಅಡುಗೆಗೂ ಅದೇ ಬೇಕೆಂದಿಲ್ಲ. ರೊಟ್ಟಿಯ ಮೇಲೆ ಹಾಕಿಕೊಳ್ಳಲು, ಒಗ್ಗರಣೆಗೆ, ತಿಂಗಳಿಗೆ ಒಂದು ಲೀಟರ್ ಕೊಂಡರೂ ಹಲವು ಮನೆಗಳು ಸೇರಿ ಒಂದು ಗಾಣವನ್ನು ನಡೆಸಬಲ್ಲವು.

ಕೃಷಿ ಇಲಾಖೆಯೂ ಇಲ್ಲಿ ಕೈಹಾಕಬೇಕು. ಸೆಪ್ಟೆಂಬರ್ ಹೊತ್ತಿಗೆ ರೈತ ಸಂಪರ್ಕ ಕೇಂದ್ರಗಳಲ್ಲಿ ಕುಸುಬೆಯ ಬೀಜ ಸಿಗಬೇಕು. ಹಳಿಯಾಳ, ಮುಂಡಗೋಡದ ಎರೆ ತುಂಡುಗಳಲ್ಲಿ ಪ್ರಾತ್ಯಕ್ಷಿಕೆ ನಡೆಯಬೇಕು. ಸಣ್ಣ ಗಾಣಗಳಿಗೆ ಸಹಾಯಧನ ಕೊಡುವಾಗ ಊರಿನ ಕಾಳು ಕೊಳ್ಳುವವರಿಗೆ ಮೊದಲ ಆದ್ಯತೆ ಸಿಗಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರ ಕಾಳು ಬರುವ ಫೆಬ್ರವರಿ, ಮಾರ್ಚ್‌ನಲ್ಲೇ ತೆರೆಯಬೇಕು.

ಓದುಗರಲ್ಲಿ ನನ್ನ ಕೇಳಿಕೆ ಇಷ್ಟು. ಭಾರದ ಮಣ್ಣಿನ ಹೊಲ ಇದ್ದವರು ಈ ಹಿಂಗಾರಿಯಲ್ಲಿ ಬದುವಿನ ಗುಂಟ ನಾಲ್ಕು ಸಾಲು ಕುಸುಬೆ ಬಿತ್ತಿ. ಹೊಲ ಇಲ್ಲದವರು ಧಾರವಾಡ, ಹುಬ್ಬಳ್ಳಿಯ ಕಡೆ ಹೋದಾಗ ನಡೆಯುತ್ತಿರುವ ಗಾಣವೊಂದನ್ನು ಹುಡುಕಿ ಒಂದು ಲೀಟರ್ ಕುಸುಬಿ ಎಣ್ಣೆ ತನ್ನಿ. ಕುಸುಬಿ ಹುಗ್ಗಿ ಮಾಡಲು ಬರುವ ಹಿರಿಯರು ಮನೆಯಲ್ಲಿದ್ದರೆ ಅವರ ಪಕ್ಕ ಕೂತು ಕಲಿತುಕೊಳ್ಳಿ. ತಿನ್ನುವವರು ಇರುವವರೆಗೆ ಬೆಳೆಯುವವರೂ ಇರುತ್ತಾರೆ.